ಬರ್ತೈತಾ, ಹೋಗ್ತೈತಾ

ನನ್ನ ಕೆಲಸವೇ ಅನುಮಾನ ಪಡುವುದು. ಸರ್ಕಾರಿ ಬಸ್ಸುಗಳನ್ನು ದಾರಿ ಮಧ್ಯೆ ಕೈ ಅಡ್ಡ ಹಾಕಿ ನಿಲ್ಲಿಸಿ, ಹತ್ತಿ, ಎಲ್ಲರ ಟಿಕೆಟ್ ನೋಡುವ ಚೆಕಿಂಗ್‌ನವನು ನಾನು. ಬಹಳ ವರ್ಷಗಳಿಂದ ತುಮಕೂರಿನ ಸುತ್ತಮುತ್ತ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಿನಗೇನು ಕೆಲಸ ಎಂದು ಜನ ಕೇಳುತ್ತಾರೆ. ಉಚಿತದ ಟಿಕೆಟ್ಟನ್ನೂ ಕೊಡಲು ಸೋಮಾರಿತನ ಪಡುವ ಕಂಡಕ್ಟರುಗಳಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲ. ನಿದ್ದೆ ಬಂದಂತೆ ನಟಿಸುವವರು, ಇಲ್ಲದ ಟಿಕೆಟ್ಟಿಗಾಗಿ ಜೇಬು ತಡಕುವವರು, ಕಿಟಕಿಯಾಚೆಯ ಹೊಲವನ್ನು ಇದ್ದಕ್ಕಿದ್ದಂತೆ ಆಸಕ್ತಿಯಿಂದ ನೋಡತೊಡಗುವವರು, ಇವರನ್ನೆಲ್ಲ ನೋಡಿ ನೋಡಿ ನನಗೆ ಸುಮ್ಮನೆ ಕೂತವನನ್ನೂ ನಂಬಲು ಆಗುವುದಿಲ್ಲ. ಬಟವಾಡಿಯ ನಮ್ಮ ಬಾಡಿಗೆ ಮನೆಗೆ ಹಾಲು ಹಾಕುವವನು ಒಂದು ದಿನ ನಗುತ್ತ ಬಂದರೆ, ಅವತ್ತು ಹಾಲಿಗೆ ನೀರು ಬಿದ್ದಿದೆ ಎಂದೇ ನಾನು ತಿಳಿಯುತ್ತೇನೆ.

ಹೀಗಿರುವಾಗ ಗುಬ್ಬಿಯಿಂದ ನನ್ನ ಅಕ್ಕ ಫೋನ್ ಮಾಡಿದಳು. "ನಿಮ್ ಭಾವ ಏನೋ ಮುಚ್ಚಿಡ್ತಾವ್ರೆ ಕಣೋ. ಸಾಮಾನು ತರ್ತೀನಿ ಅಂತ ಶನಿವಾರ ಶನಿವಾರ ಬೆಂಗಳೂರಿಗೆ ಹೋಗ್ತಾರೆ, ಬರೀ ಕೈಲಿ ಬರ್ತಾರೆ. ಮೊದಲಿನಂಗೆ ಮುಖ ಕೊಟ್ಟು ಮಾತೇ ಆಡಲ್ಲ. ನೀನೇ ಸ್ವಲ್ಪ ನೋಡು," ಎಂದಳು. ನನಗೆ ಮಾತ್ರ ಒಳಗೊಳಗೇ ಹುರುಪು ಬಂತು. ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಭಾವ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಗುಬ್ಬಿಯಿಂದ ಬೈಕಿನಲ್ಲಿ ಹೋಗಿ ಬರುತ್ತಾರೆ. ರಿಮೋಟಿನಿಂದ ಹಾರಿಸುವ ಚಿಕ್ಕ ವಿಮಾನಗಳನ್ನು ಮಾಡುವುದು ಅವರಿಗೆ ಮೊದಲಿನಿಂದಲೂ ಹುಚ್ಚು. ಅಂಗೈಯಗಲದವು, ಮೊಳದುದ್ದದವು, ಎಷ್ಟೋ ಮಾಡಿದ್ದರು. ಈ ಸಲ ಮಾತ್ರ ಏಳಡಿ ರೆಕ್ಕೆಯ, ಪೆಟ್ರೋಲ್ ಎಂಜಿನ್ನಿನ ದೊಡ್ಡದೊಂದರ ಕಿಟ್ ತರಿಸಿದ್ದರು. ಬೀರುವಿನಷ್ಟು ಉದ್ದದ ಡಬ್ಬ. ಒಳಗೆ ಬಾಲ್ಸಾ ಎಂಬ ಹಗುರ ಮರದ ಹಲಗೆಗಳು, ಕಡ್ಡಿಗಳು, ತಂತಿಗಳು, ಚಾಪೆಯಷ್ಟಗಲದ ನಕ್ಷೆ. ಐವತ್ತೇಳರ ವಯಸ್ಸಿನಲ್ಲಿ ಇಷ್ಟು ದೊಡ್ಡದು ಯಾಕೆ ಬೇಕಾಯಿತು ಎಂಬುದೇ ನನ್ನ ಮೊದಲ ಅನುಮಾನ.

"ನಾನೂ ಕೈ ಹಾಕ್ಲಾ ಭಾವ?" ಎಂದು ಒಂದು ಭಾನುವಾರ ಹೋಗಿ ನಿಂತೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. "ಬಾರ್ಲಾ, ಜನ ಬೇಕಾಗಿತ್ತು," ಎಂದರು. ಅಷ್ಟು ಬೇಗ ಒಪ್ಪಿಕೊಂಡದ್ದೂ ನನಗೆ ಸರಿ ಕಾಣಲಿಲ್ಲ.

ಮನೆಯ ಹಿಂದೆ ಹಿಂದೊಮ್ಮೆ ಕೊಬ್ಬರಿ ತುಂಬುತ್ತಿದ್ದ ರೂಮೊಂದಿದೆ. ಈಗಲೂ ಅಲ್ಲಿ ಎಣ್ಣೆ ಕಮಟಿನ ವಾಸನೆ. ಆಷಾಢದಿಂದ ದೀಪಾವಳಿಯವರೆಗೆ ಪ್ರತಿ ಭಾನುವಾರ ನಾವಿಬ್ಬರೂ ಅಲ್ಲೇ. ನಾನು ನಕ್ಷೆ ನೋಡಿ ನಂಬರು ಓದುವುದು, ಅವರು ಸಾಲಾಗಿ ಜೋಡಿಸಿಟ್ಟದ್ದರಲ್ಲಿ ಆ ನಂಬರಿನ ತುಂಡನ್ನು ಎಣಿಸಿ ಕೈಗೆತ್ತಿಕೊಂಡು ಅಂಟಿಸುವುದು. ನನಗೇಕೆ ಓದಲು ಹೇಳುತ್ತಾರೆ ಎಂದು ಒಂದು ದಿನ ಬೇಕೆಂದೇ ಎಂಟರ ಬದಲು ಆರು ಎಂದು ಓದಿದೆ. ಅವರು ಆರನೆಯ ತುಂಡನ್ನು ಜಾಗದಲ್ಲಿಟ್ಟು, ಹೆಬ್ಬೆರಳಿನಿಂದ ಅಂಚನ್ನು ಸವರಿ, "ಇದು ಕೂರ್ತಿಲ್ಲ. ಇನ್ನೊಂದ್ಸಲ ನೋಡು," ಎಂದರು. ಒಂದು ಮಾತೂ ಬೈಯಲಿಲ್ಲ. ನನ್ನ ಬಲೆಗೆ ಬೀಳಲಿಲ್ಲವಲ್ಲ ಎಂದು ನನಗೇ ಬೇಜಾರಾಯಿತು.

ಅಸ್ಥಿಪಂಜರ ಮುಗಿದ ಮೇಲೆ ಮೇಲುಹೊದಿಕೆ. ತೆಳ್ಳನೆಯ ಬಣ್ಣದ ಹಾಳೆಯನ್ನು ರೆಕ್ಕೆಗೆ ಹೊದಿಸಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಅದು ಬಿಗಿದುಕೊಳ್ಳುತ್ತದೆ. ಅಕ್ಕನ ಇಸ್ತ್ರಿ ಪೆಟ್ಟಿಗೆ ಹಿಂದಿನ ರೂಮಿಗೆ ಹೋದದ್ದು ಮರಳಿ ಬರಲೇ ಇಲ್ಲ. ಭಾವ ಒಂದು ರೆಕ್ಕೆಗೆ ಅಚ್ಚ ಕೆಂಪು, ಇನ್ನೊಂದಕ್ಕೆ ಹಳದಿಯ ಮೇಲೆ ಕೈಯಗಲ ಕಪ್ಪು ಪಟ್ಟೆ ಹಾಕಿಸಿದರು. "ಇದೇನ್ ಭಾವ, ಇಬ್ಬರ ಅಂಗಿ ಹರಿದು ಒಬ್ಬನಿಗೆ ಹೊಲ್ದಂಗೈತೆ," ಎಂದೆ. "ಚೆಂದಾಗ್ ಕಾಣ್ಲಿ ಅಂತ," ಎಂದರು. ಅದು ಚೆಂದ ಕಾಣುತ್ತಿರಲಿಲ್ಲ. ಅಕ್ಕ ಕಾಫಿ ತಂದವಳು ಅದನ್ನು ನೋಡಿ ನನ್ನ ಮುಖ ನೋಡಿದಳು.

ಆ ಮಧ್ಯೆ ಒಂದು ಶನಿವಾರ ನನ್ನ ಡ್ಯೂಟಿ ಕುಣಿಗಲ್ ರಸ್ತೆಯಲ್ಲಿತ್ತು. ಹೆಬ್ಬೂರಿನ ಹತ್ತಿರ ಒಂದು ಬಸ್ಸು ನಿಲ್ಲಿಸಿ ಹತ್ತಿದರೆ ಮೂರನೆಯ ಸೀಟಿನಲ್ಲಿ ನಮ್ಮ ಭಾವ. ಬೆಂಗಳೂರಿಗೆ ಹೋಗುತ್ತೇನೆಂದವರು ಕುಣಿಗಲ್ ಬಸ್ಸಿನಲ್ಲಿ. ಬೈಕ್ ಇದ್ದವರು ಬಸ್ಸಿನಲ್ಲಿ. ನಾನು ಬೇಕೆಂದೇ ಎದುರಿಗೆ ನಿಂತು ಕೈ ಚಾಚಿದೆ. ಅವರು ನನ್ನ ಮುಖವನ್ನೇ ನೋಡಿ, ಗುರುತೇ ಇಲ್ಲದವರಂತೆ ಟಿಕೆಟ್ ಕೊಟ್ಟರು. ಸರಿಯಾದ ಟಿಕೆಟ್. ಹೆಂಡತಿಯ ತಮ್ಮನನ್ನು ಕಂಡೂ ಕಾಣದ ಹಾಗೆ ಕೂರುವಷ್ಟು ಗುಂಡಿಗೆಯೇ ಎಂದು ನನಗೆ ರೇಗಿತು. "ಭಾವ," ಎಂದೆ. ಬೆಚ್ಚಿಬಿದ್ದರು. "ಓ, ನೀನೇನ್ಲಾ. ಇಲ್ಲೊಬ್ರು ಸ್ನೇಹಿತರ ಹತ್ರ ಎಂಜಿನ್ ಪಾರ್ಟು ಐತಂತೆ," ಎಂದರು. ಅವರ ಕಿವಿಯ ತುದಿ ಕೆಂಪಾಗಿತ್ತು.

ಸುಳ್ಳು. ಅಷ್ಟು ವರ್ಷದ ಸರ್ವೀಸಿನಲ್ಲಿ ಸುಳ್ಳಿನ ಬಣ್ಣ ನನಗೆ ಗೊತ್ತು. ಕುಣಿಗಲ್ಲಿನಲ್ಲಿ ಯಾರೋ ಇದ್ದಾಳೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಆ ದಾರಿಯ ಕಂಡಕ್ಟರೊಬ್ಬನಿಗೆ ಭಾವನ ಚಹರೆ ಹೇಳಿ, ಎಲ್ಲಿಗೆ ಹೋಗುತ್ತಾರೆ ನೋಡು ಎಂದು ಗಂಟುಬಿದ್ದೆ. ಎರಡು ವಾರದ ನಂತರ ಅವನು, "ಸ್ಟ್ಯಾಂಡ್ ಹಿಂದೆ ಕಣ್ಣಿನ ಡಾಕ್ಟ್ರು ಅವ್ರಲ್ಲ ಸಾರ್, ಅಲ್ಲಿ ಕ್ಯೂನಲ್ಲಿ ಕೂತಿದ್ರು," ಎಂದ. ನಾನು ಎಂಥ ಮನುಷ್ಯನೆಂದರೆ, ಮೊದಲು ಅಲ್ಲಿನ ನರ್ಸಮ್ಮನ ಮೇಲೆ ಅನುಮಾನಪಟ್ಟೆ. ಆಮೇಲೆ ಮೆಲ್ಲಗೆ ಬೇರೆಲ್ಲ ಹೊಳೆಯತೊಡಗಿತು. ದೊಡ್ಡ ವಿಮಾನ, ಎರಡು ಬಣ್ಣದ ರೆಕ್ಕೆ, ನಾನು ಓದುವ ನಂಬರು, ಬಸ್ಸಿನಲ್ಲಿ ಸಿಗದ ಗುರುತು. ತುಮಕೂರಿನಲ್ಲೇ ಅಷ್ಟು ಡಾಕ್ಟರುಗಳಿರುವಾಗ ಕುಣಿಗಲ್ಲಿಗೆ ಹೋಗುವವರು ಪರಿಚಯದವರ ಕಣ್ಣು ತಪ್ಪಿಸಲೆಂದೇ ಹೋಗುತ್ತಾರೆ.

ನೇರವಾಗಿ ಕೇಳಿದೆ. "ಕಣ್ಣಿಗೇನಾದ್ರೂ ತೊಂದ್ರೆನಾ ಭಾವ?" "ನಂಗೇನಾಗೈತೆ? ಗಮ್ ಹೊಗೆಗೆ ಉರೀತಿತ್ತು, ಡ್ರಾಪ್ಸ್ ಬರೆಸ್ಕಂಡ್ ಬಂದೆ," ಎಂದರು. ಕೇಳಿದರೆ ಯಾರೂ ನಿಜ ಹೇಳುವುದಿಲ್ಲ ಎಂಬುದು ನನ್ನ ಕೆಲಸ ಕಲಿಸಿದ ಪಾಠ. ಅಕ್ಕನಿಗೂ ಏನೂ ಹೇಳಲಿಲ್ಲ. ಖಾತ್ರಿಯಿಲ್ಲದೆ ಹೇಳಿದರೆ ಗಂಡ ಹೆಂಡಿರ ನಡುವೆ ನಾನೇ ಹುಳಿ ಹಿಂಡಿದಂತಾಗುತ್ತದೆ. ಆದರೆ ಪ್ರತಿ ಸೋಮವಾರ ಅವಳು ಅವರ ಬೈಕಿನ ಹಿಂದೆ ಕೂತು ಹೈವೇಯಲ್ಲಿ ಮಠಕ್ಕೆ ಹೋಗುತ್ತಾಳಲ್ಲ ಎಂಬುದು ನೆನಪಾದಾಗಲೆಲ್ಲ ಅವಳು ಮನೆ ಸೇರಿದಳೋ ಇಲ್ಲವೋ ಎಂದು ಫೋನ್ ಮಾಡಿ ವಿಚಾರಿಸುತ್ತಿದ್ದೆ.

ದೀಪಾವಳಿಯ ಮರುವಾರ ವಿಮಾನ ಹಾರಿತು. ಕಡಬದ ಕೆರೆಯಿಂದ ಸ್ವಲ್ಪ ಆಚೆ ಗಟ್ಟಿ ನೆಲದ ಗೋಮಾಳವೊಂದಿದೆ. ಬಲಕ್ಕೆ ಬಯಲು, ಎಡಕ್ಕೆ ತೆಂಗಿನ ತೋಟ. ಎಂಜಿನ್ ಕೂಗಿ, ನೆಲದ ಮೇಲೆ ಕುಣಿಯುತ್ತ ಓಡಿ, ಚಕ್ರ ನೆಲ ಬಿಟ್ಟು ಮೇಲೆದ್ದಾಗ ನನ್ನ ಅನುಮಾನವೆಲ್ಲ ಒಂದು ಗಳಿಗೆ ಮರೆತುಹೋಗಿ ನಾನು ಚಪ್ಪಾಳೆ ತಟ್ಟಿದೆ. ನಾನು ಓದಿದ ನಂಬರುಗಳೇ ಅಲ್ಲಿ ಮೇಲೆ ಹಾರುತ್ತಿದ್ದವು.

ಹಾರಿಸುವಾಗ ನನಗೊಂದು ಕೆಲಸವಿತ್ತು. ವಿಮಾನ ನಮ್ಮಿಂದ ದೂರ ಹೋಗುವಾಗ ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಅದು ನಮ್ಮ ಬಲಕ್ಕೇ ತಿರುಗುತ್ತದೆ. ನಮ್ಮತ್ತ ಬರುವಾಗ ಎಲ್ಲ ಉಲ್ಟಾ. ಬಲಕ್ಕೆ ತಳ್ಳಿದರೆ ನಮ್ಮ ಎಡಕ್ಕೆ ಹೋಗುತ್ತದೆ. ಆದ್ದರಿಂದ ಅದು ಬರುತ್ತಿದೆಯೋ ಹೋಗುತ್ತಿದೆಯೋ ಎಂಬುದು ಹಾರಿಸುವವನಿಗೆ ಪ್ರತಿ ಕ್ಷಣ ಗೊತ್ತಿರಬೇಕು. "ದೊಡ್ಡ ವಿಮಾನಕ್ಕೆ ಪಕ್ಕದಲ್ಲಿ ನಿಂತು ಹೇಳೋರೊಬ್ರು ಇರ್ಬೇಕು ಕಣೋ, ರೂಲ್ಸು," ಎಂದಿದ್ದರು ಭಾವ. ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆವು. "ಬರ್ತೈತಾ, ಹೋಗ್ತೈತಾ?" ಎಂದು ಅವರು, "ಹೋಗ್ತೈತೆ... ತಿರುಗ್ತು... ಬರ್ತೈತೆ," ಎಂದು ನಾನು. ರೂಲ್ಸು ಎಂದರೆ ಇಲಾಖೆಯ ಮನುಷ್ಯನಾದ ನಾನು ಎದುರು ಮಾತಾಡುವುದಿಲ್ಲ. ಆದರೆ ರೂಲ್ಸಿಗಾಗಿ ಕೇಳುವವನು ಅಷ್ಟು ಆತುರದಿಂದ ಕೇಳುತ್ತಾನೆಯೇ ಎಂದು ಒಳಗೊಂದು ಹುಳ ಕೊರೆಯುತ್ತಲೇ ಇತ್ತು.

ಸಂಕ್ರಾಂತಿ ಕಳೆದ ಒಂದು ಭಾನುವಾರ ಬೆಳಿಗ್ಗೆ ಮತ್ತೆ ಹೊರಟೆವು. ಎಂದಿನಂತೆ ವಿಮಾನ ಮುಂದೆ ಲಗೇಜ್ ಆಟೋದಲ್ಲಿ, ಅದರ ಹಿಂದೆಯೇ ಬೈಕಿನಲ್ಲಿ ಭಾವ, ಅವರ ಹಿಂದೆ ನಾನು. ಕಡಬದ ದಾರಿಯಲ್ಲಿ ರಸ್ತೆಯ ಮೇಲೆ ಹುರುಳಿ ಹರಡಿದ್ದರು, ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು. ಆಟೋ ದಾಟಿಹೋದ ಮೇಲೆ ಒಬ್ಬ ಹೆಂಗಸು ಸೊಪ್ಪು ಕೆದಕಲು ರಸ್ತೆಯ ಮಧ್ಯಕ್ಕೆ ಬಂದಳು. ಅವಳು ನನಗೆ ಇಪ್ಪತ್ತು ಮಾರು ದೂರದಿಂದಲೇ ಕಂಡಳು. ಭಾವ ಬ್ರೇಕ್ ಹಿಡಿಯಲಿಲ್ಲ. "ಭಾವ," ಎಂದು ಕಿರುಚಿ ಅವರ ಭುಜ ಎಳೆದೆ. ಬೈಕು ಸೊಪ್ಪಿನಲ್ಲಿ ಜಾರಿ, ಆಕೆ ಹಾರಿ ಪಕ್ಕಕ್ಕೆ ಬಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. "ಕಣ್ ಕಾಣಲ್ವೇನಯ್ಯಾ ನಿಂಗೆ," ಎಂದು ಆಕೆ ಎದ್ದು ಬೈದಳು. "ಬಿಸ್ಲು ಕಣ್ಣಿಗೆ ಹೊಡೀತು ಕಣಮ್ಮ," ಎಂದರು ಭಾವ. ಬಿಸಿಲು ನಮ್ಮ ಬೆನ್ನಿಗಿತ್ತು.

ಆ ಹೆಂಗಸಿನ ಜಾಗದಲ್ಲಿ ಇನ್ನೊಬ್ಬರು, ನನ್ನ ಜಾಗದಲ್ಲಿ ನಮ್ಮಕ್ಕ, ಗೋಮಾಳ ಸೇರುವವರೆಗೂ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಮತ್ತೆ ಕೇಳಿದರೆ ಮತ್ತೆ ಸುಳ್ಳು ಹೇಳುತ್ತಾರೆ. ಇವತ್ತು ಕೈಯಾರೆ ಹಿಡಿಯಲೇಬೇಕು ಎಂದುಕೊಂಡೆ.

ವಿಮಾನ ಎರಡು ಸುತ್ತು ಹೊಡೆಯಿತು. ಮೂರನೆಯ ಸುತ್ತಿನಲ್ಲಿ ನಮಗೆ ಬೆನ್ನು ಹಾಕಿ ದೂರ ಹೋಗುತ್ತ, ಗಾಳಿಗೆ ಎಡಕ್ಕೆ, ತೆಂಗಿನ ತೋಟದ ಕಡೆಗೆ ಜಾರತೊಡಗಿತು. ಬಲಕ್ಕೆ ತಳ್ಳಿದರೆ ಬಯಲಿಗೆ ಮರಳುತ್ತಿತ್ತು.

"ಬರ್ತೈತಾ, ಹೋಗ್ತೈತಾ?"

"ಬರ್ತೈತೆ ಭಾವ. ತೋಟದ ಕಡೆ ಜಾರ್ತೈತೆ," ಎಂದೆ.

ಕಣ್ಣು ಕಾಣುವವರಾಗಿದ್ದರೆ, ಏನ್ಲಾ ಬೊಗಳ್ತಿದೀಯ, ಹೋಗ್ತಿರೋದು ಕಾಣಲ್ವಾ ಎಂದು ಬೈದು ಬಲಕ್ಕೆ ತಳ್ಳುತ್ತಿದ್ದರು. ಬೈಯಲಿ, ದೇವರೇ, ಬೈಯಲಿ ಎಂದು ಕಾದೆ. ಅವರು ಒಂದು ಕ್ಷಣ ತಲೆ ಓರೆ ಮಾಡಿದರು. ಆಮೇಲೆ ಕಡ್ಡಿಯನ್ನು ಎಡಕ್ಕೆ ತಳ್ಳಿದರು.

ನಾನು "ಬಲಕ್ಕೆ, ಬಲಕ್ಕೆ" ಎಂದು ಕೂಗುವಷ್ಟರಲ್ಲಿ ಗರಿಗಳೊಳಗೆ ಸದ್ದು ನಿಂತುಹೋಯಿತು. ನಾಲ್ಕೈದು ತಿಂಗಳ ಕೆಲಸಕ್ಕೆ ನಾಲ್ಕು ಸೆಕೆಂಡೂ ಬೇಕಾಗಲಿಲ್ಲ.

ತೋಟದಲ್ಲಿ ಕೆಂಪು ರೆಕ್ಕೆ ಮರದ ಮೇಲೇ ಸಿಕ್ಕಿಕೊಂಡಿತ್ತು. ಉಳಿದದ್ದು ಬುಡದಲ್ಲಿ ಚೂರುಚೂರಾಗಿ ಬಿದ್ದಿತ್ತು. ಭಾವ ಕುಕ್ಕರಗಾಲಲ್ಲಿ ಕೂತು ನೆಲ ಸವರಿ ಸವರಿ ಒಂದೊಂದೇ ತುಂಡು ಆಯತೊಡಗಿದರು. ಅವರ ಕಾಲ ಬಳಿಯೇ ಬಿದ್ದಿದ್ದ ಬಿಳಿಯ ಚಕ್ರ ಅವರಿಗೆ ಕಾಣಲಿಲ್ಲ. ನಾನೇ ಎತ್ತಿ ಕೈಗೆ ಕೊಟ್ಟೆ.

"ಎಷ್ಟು ದಿನ ಆಯ್ತು ಭಾವ?"

ಈ ಸಲ ಸುಳ್ಳು ಹೇಳಲಿಲ್ಲ. "ಎರಡು ವರ್ಷ ಆಗ್ತಾ ಬಂತು. ನೆಟ್ಟಗೆ ನೋಡಿದ್ರೆ ಮಧ್ಯದಲ್ಲಿ ಮಸಿ ಬಳ್ದಂಗೆ. ಪಕ್ಕದಲ್ ಇರೋದು ಕಾಣ್ತದೆ. ಹೋಗಿರೋದು ಬರಲ್ಲ, ಇರೋದ್ನ ಉಳಿಸ್ಕೊಳ್ಳಿ ಅಂತಾರೆ ಡಾಕ್ಟ್ರು."

"ಅಕ್ಕಂಗೆ ಒಂದ್ ಮಾತು ಹೇಳ್ಬಾರ್ದಾ?"

"ಹೇಳಿದ್ರೆ ಬೈಕ್ ಬುಡು ಅಂತಾಳೆ, ಕೆಲ್ಸ ಬುಡು ಅಂತಾಳೆ, ಇದ್ನೂ ಬುಡು ಅಂತಾಳೆ. ಎಲ್ಲಾ ಬುಟ್ಟು ಏನ್ ಮಾಡ್ಲಿ ಹೇಳು."

ಅವರು ಎದ್ದು ಜೇಬಿನಿಂದ ಬೈಕಿನ ಕೀ ತೆಗೆದು ನನ್ನ ಕೈಗಿಟ್ಟರು. "ನೀನೇ ಓಡ್ಸು. ಅವ್ಳಿಗೂ ನೀನೇ ಹೇಳು. ಬೆಳಿಗ್ಗೆ ಆ ಯಮ್ಮ ಬಿದ್ದಾಗ್ಲೇ ಅನ್ಕೊಂಡೆ, ಇನ್ ಸಾಕು ಅಂತ," ಎಂದರು.

ಹಾಗಾದರೆ ವಿಮಾನ ಬೀಳದಿದ್ದರೂ ಅವತ್ತು ಆ ಕೀ ನನಗೆ ಸಿಗುತ್ತಿತ್ತು. ಚೂರುಗಳನ್ನು ಆಟೋಗೆ ತುಂಬಿಸಿ ಕಳಿಸಿ, ಬೈಕ್ ಹತ್ತಿದೆ. ಭಾವ ಹಿಂದೆ ಕೂತು ನನ್ನ ಭುಜದ ಮೇಲೆ ಕೈಯಿಟ್ಟರು. ಕೇಸು ಹಿಡಿದಾಗ ಆಗುವ ಸಮಾಧಾನ ಎಲ್ಲೂ ಇರಲಿಲ್ಲ. ಹುರುಳಿಯ ರಸ್ತೆ ದಾಟುವವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ.

"ಭಾವ, ಅದು ಬರ್ತಿರ್ಲಿಲ್ಲ. ಹೋಗ್ತಿತ್ತು. ನಾನು ಬೇಕಂತ್ಲೇ ಹಂಗಂದೆ."

ಭುಜದ ಮೇಲಿನ ಕೈ ಅಲುಗಲಿಲ್ಲ. "ಸದ್ದು ದೂರ ಹೋಗ್ತಿತ್ತು. ಕೇಳಿಸ್ತು ನಂಗೆ," ಎಂದರು.

"ಮತ್ಯಾಕೆ ಎಡಕ್ಕೆ ತಳ್ಳಿದ್ರಿ?"

"ಕಿವೀನೂ ಹೋಯ್ತೇನೋ ಅನ್ಕೊಂಡೆ ಕಣೋ. ನೀನ್ ಸುಳ್ ಹೇಳಿರ್ತೀಯ ಅಂತ ಹೊಳೀಲೇ ಇಲ್ಲ."