ಹರಿಯದ ಅಂಗಿ

ಪೀಣ್ಯದ ನಮ್ಮ ವರ್ಕ್‌ಶಾಪಿನ ಮ್ಯಾನೇಜರು ಎ.ಸಿ. ರೂಮಲ್ಲೂ ದಪ್ಪ ಖಾಕಿ ಅಂಗಿಯನ್ನೇ ಹಾಕೋರು. ಊರಲ್ಲಿ ಎಮ್ಮೆ ಮೇಯಿಸುವಾಗಲೂ ಅದೇ ಬಟ್ಟೆಯಂತೆ, ಆಮೇಲೆ ಇಲ್ಲಿ ಕಬ್ಬಿಣ ತಿರುಗಿಸಿ ಕಡೆಯುವ ಲೇತ್ ಮುಂದೆ ನಿಂತಾಗಲೂ ಅದೇ. ಯಾರಾದರೂ ಹೊಸ ಶರ್ಟ್ ಹಾಕಿಕೊಂಡು ಬಂದರೆ ಅದರ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡೋರು. "ಬಟ್ಟೆ ಅಂದ್ರೆ ತಡೀಬೇಕು ಕಣಯ್ಯಾ!"

ತೋಳು ಮಡಚದೆ ಲೇತ್ ಹತ್ತಿರ ಸುಳಿಯಬೇಡಿ ಅಂತ ನಮಗೆಲ್ಲ ಬೈದು ಬೈದು ಕಲಿಸಿದ್ದೂ ಅವರೇ. ಅವತ್ತು ಮಾತ್ರ ಆಫೀಸಿನ ಚಳಿಗೆ ಮಣಿಕಟ್ಟಿನ ಗುಂಡಿ ಹಾಕಿಕೊಂಡಿದ್ದವರು, ಹಾಗೇ ಇಳಿದು ಬಂದು, ಓಡುತ್ತಿದ್ದ ಲೇತ್ ಮೇಲೆ ಬಗ್ಗಿದರು. ಯಂತ್ರ ಬಲತೋಳಿನ ಬಟ್ಟೆಯನ್ನು ಕಚ್ಚಿತು. ನನ್ನ ತೆಳು ಅಂಗಿಯಾಗಿದ್ದರೆ ಪರ್ರನೆ ಹರಿದು ಕೈ ಬಿಡುತ್ತಿತ್ತೇನೋ. ಅದು ಹರಿಯಲೇ ಇಲ್ಲ. ನಾನು ಓಡಿಹೋಗಿ ಸ್ವಿಚ್ ಆರಿಸುವಷ್ಟರಲ್ಲಿ ಮೊಣಕೈವರೆಗೂ ಎಳೆದುಕೊಂಡಿತ್ತು.

ಆಸ್ಪತ್ರೆಯಲ್ಲಿ ಕೈ ತೆಗೆದ ಮೇಲೆ ನೋಡಲು ಹೋದೆ. ನರ್ಸ್ ಕತ್ತರಿಸಿ ತೆಗೆದಿದ್ದ ಅಂಗಿ ಮಂಚದ ಪಕ್ಕ ಕವರಲ್ಲಿತ್ತು. ಅವರು ಎಡಗೈಯಲ್ಲಿ ಅದರ ತೋಳನ್ನು ಹೊರಗೆಳೆದು, ಎರಡು ಬೆರಳಲ್ಲಿ ಉಜ್ಜಿ, ನನ್ನ ಕಡೆ ಚಾಚಿದರು.

"ನೋಡಯ್ಯಾ, ಇವರು ಕತ್ತರಿ ಹಾಕಿದ್ದು ಬಿಟ್ರೆ ಒಂದು ಹೊಲಿಗೇನೂ ಬಿಚ್ಚಿಲ್ಲ."