ಕಾಕು ಹೇಳಿದ ‘ಇಲ್ಲ’

ನಗುವಾಗ ಕಾಕು ಸೆರಗಿನ ತುದಿಯನ್ನು ಮೇಲ್ತುಟಿಗೆ ಒತ್ತಿ ಹಿಡಿಯುತ್ತಿದ್ದರು. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿದ್ದವು. ನಾಶಿಕ್‌ನಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿದ ಮನೆ ಅವರದು; ಅಲ್ಲಿಯವರಂತೆ ನಾನೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಬೀದರ್ ಕಡೆಯವರು. ಗಂಡ ವಾಳೂಜ್‌ನ ಕಾರ್ಖಾನೆಯಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಕಾಕು ಮತ್ತು ಅವರ ಅತ್ತೆ. ಯಾರು ಏನೆಂದರೂ ಕಾಕು, “ಬರೋಬರಿ ಅದ್ರಿ” ಎನ್ನುವರು. ಅತ್ತೆ “ಬಂಜಿ” ಎಂದು ಕರೆದಾಗಲೂ ಅವರು ಎದುರಾಡಿದ್ದನ್ನು ನಾನು ಕೇಳಿಲ್ಲ.

ನಲವತ್ತು ದಾಟಿದ ಮೇಲೆ ಅವರ ಹೊಟ್ಟೆ ಮುಂದೆ ಬಂತು. ಮುಟ್ಟೂ ನಿಂತಿತ್ತು. ಬಸುರಿಯೇನೋ ಎಂದು ನಲ್ಲಿಯ ಹತ್ತಿರ ಹೆಂಗಸರ ಚೇಷ್ಟೆ ಶುರುವಾಯಿತು: “ಏನವಾ, ಹೊಟ್ಟೀಲೆ ಅದಿ ಏನು? ಕಾಕಾ ತಿಂಗಳಿಗೊಮ್ಮೆ ಬಂದು ಭಾರಿ ಕೆಲಸಾ ಮಾಡ್ಯಾರ!” ಕಾಕು ಸೆರಗು ಒತ್ತಿಕೊಂಡು ನಕ್ಕರು. ಅಷ್ಟೇ ಸಾಕಾಯಿತು. ಅತ್ತೆ ಸೊಸೆಯ ಕೈಯಿಂದ ಕೊಡ ಕಸಿದುಕೊಂಡರು. ಬಾದಾಮಿ ಅರೆದು ಹಾಲಿಗೆ ಹಾಕಿ ಕೊಟ್ಟರು. ಮದುವೆಯಾದ ಮೇಲೆ ಮೊದಲ ಬಾರಿಗೆ “ನಮ್ಮವ್ವಾ” ಎಂದು ಕರೆದರು.

“ಡಾಕ್ಟರ್ ಕಡೆ ಹೋಗೂಣು ಬರ್ರಿ” ಎಂದು ನಾನು ಕರೆದರೆ ಕಾಕು, “ಇರಲಿ ತಡಿ” ಎನ್ನುತ್ತಿದ್ದರು. ಉಸಿರು ಕಟ್ಟತೊಡಗಿದ ಮೇಲೆ, ಅತ್ತೆಗೆ ಹೇಳದೆ, ನನ್ನ ಜೊತೆ ಬಂದರು. ಸೋನೋಗ್ರಫಿ ಮಾಡಿದ ಡಾಕ್ಟರು, ಒಳಗೆ ಮಗುವಿಲ್ಲ, ಅಂಡಾಶಯದಲ್ಲಿ ಗಡ್ಡೆಯಿದೆ, ಎಷ್ಟು ಹರಡಿದೆಯೆಂದು ನೋಡಲು ಸಿ.ಟಿ. ಸ್ಕ್ಯಾನ್ ಬೇಗ ಆಗಬೇಕು ಎಂದರು. ಹೊರಗೆ ಬಂದು ಕಾಕು ನನ್ನ ಮಣಿಕಟ್ಟು ಹಿಡಿದರು. “ನಮ್ಮ ಅತ್ತೀಗೆ ಹೇಳಬ್ಯಾಡ. ಇನ್ನ ನಾಕ ದಿನಾ ಇರಲಿ.”

ಸ್ಕ್ಯಾನಿಗೆ ಅತ್ತೆಯೂ ಬಂದರು, ದೊಡ್ಡ ಮಷೀನಿನಲ್ಲಿ ಕೂಸು ಚೆನ್ನಾಗಿ ಕಾಣುತ್ತದೆಂದು. ಬಾಗಿಲಲ್ಲಿ ಟೆಕ್ನಿಷಿಯನ್ ಎಲ್ಲ ಹೆಂಗಸರನ್ನೂ ಕೇಳುವುದನ್ನೇ ಕೇಳಿದ: “ಪ್ರೆಗ್ನಂಟ್ ಆಹಾತ್ ಕಾ?” ಅತ್ತೆಗೆ ಮರಾಠಿ ಬಾರದು, ಆದರೆ ಆ ಒಂದು ಪದ ಗೊತ್ತಿತ್ತು. “ಹೋ, ಹೋ!” ಎಂದು ಜೋರಾಗಿ ಹೌದೆಂದರು. ಬಸುರಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ ಎಂದು ಅವನು ಮುಂದಿನವರನ್ನು ಕರೆದ.

ನಾನು ಬಾಯಿ ತೆರೆಯುವ ಮೊದಲೇ ಕಾಕು ಎದ್ದು ನಿಂತರು. ಅವನ ಕಡೆ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

“ಇಲ್ರಿ. ನಾ ಹೊಟ್ಟೀಲೆ ಇಲ್ಲ.”

ಅದನ್ನು ನಾನು ಮರಾಠಿಯಲ್ಲಿ ಹೇಳಿದೆ.

“ಮತ್ತ ಇಷ್ಟ ದಿನಾ ನನ್ನ ಕೈಲೆ ಹಾಲು ಕುಡದಿಯಲ್ಲ, ನಾಚಿಕಿ ಬರಲಿಲ್ಲಾ?” ಎಂದರು ಅತ್ತೆ. ಕಾಕು ಸ್ಕ್ಯಾನಿಗೆ ಒಳಗೆ ಹೋದರು.

ಗಡ್ಡೆ ಕರುಳಿನ ಹೊದಿಕೆಗೂ ಹಬ್ಬಿತ್ತು. ಗಂಡ ಅವರನ್ನು ತಮ್ಮ ಕಾರ್ಖಾನೆಗೆ ಹತ್ತಿರದ, ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಊರಿಗೆ ಕರೆದೊಯ್ದು ಆಪರೇಷನ್ ಮಾಡಿಸಿದರು. ಅತ್ತೆ ಹೋಗಲಿಲ್ಲ. ಓಣಿಯವರಿಗೆ, “ಗರ್ಭ ನಿಲ್ಲಲಿಲ್ಲ” ಎಂದಷ್ಟೇ ಹೇಳಿದರು.

ಆಪರೇಷನ್ ಆದರೂ ಕಾಕು ಉಳಿಯಲಿಲ್ಲ. ಹೆಣ ಮನೆಗೆ ಬಂದ ದಿನ ಹೆಂಗಸರು ಅತ್ತೆಯನ್ನು ತಬ್ಬಿಕೊಂಡು ಅತ್ತರು. “ಕೂಸೂ ಹೋತು, ತಾಯೀನೂ ಹೋದ್ಳು.” ಅತ್ತೆ ಅವರ ಹೆಗಲಿಗೆ ತಲೆಯಿಟ್ಟಿದ್ದರು.

“ಕೂಸು ಇರಲಿಲ್ಲರಿ. ಅದು ಗಡ್ಡಿ. ಕಾಕುನೇ ಬಾಯಿಬಿಟ್ಟು ಹೇಳ್ಯಾರ” ಎಂದೆ ನಾನು.

ಪಕ್ಕದಲ್ಲಿದ್ದವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

“ಸುಮ್ನಿರು. ಹೆಣದ ಮುಂದ ಹಂಗ ಅನಬಾರದು. ತಾಯಿ ಆಗಿ ಹೋಗ್ಯಾಳ, ಹೋಗಲಿ ಬಿಡು.”