ಬಿಳಿಗಾಲಿನ ಫ್ಲೆಮಿಂಗೋ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ದೊಡ್ಡಪ್ಪನ ಫ್ಲಾಟಿನಲ್ಲಿ ಎಸಿ ಇರುವುದು ಒಂದೇ ಕೋಣೆಗೆ. ಆ ಕೋಣೆಯಲ್ಲಿ ಮನುಷ್ಯರು ಮಲಗುವಂತಿಲ್ಲ. ಅಲ್ಲಿ ಹಕ್ಕಿಗಳೂ ಪ್ಯಾರಿಸ್ಸಿನ ಹೆಂಗಸರೂ ವಾಸವಾಗಿದ್ದಾರೆ. ಎಡಗೋಡೆಯ ತುಂಬ ಹಳೇ ಇಂಗ್ಲಿಷ್ ಪುಸ್ತಕಗಳಿಂದ ಕಿತ್ತು ತೆಗೆದ ಹಕ್ಕಿ, ಹಾವು, ಜೀರುಂಡೆಗಳ ಚಿತ್ರ. ಬಲಗೋಡೆಯ ತುಂಬ ಅಷ್ಟೇ ಹಳೆಯ ಫ್ಯಾಶನ್ ಪತ್ರಿಕೆಗಳ ಹಾಳೆ. ದೇವಸ್ಥಾನದ ಗಂಟೆಯಂಥ ಲಂಗ ತೊಟ್ಟ, ಬಳೆಯೊಳಗೆ ತೂರಿಸಬಹುದಾದಷ್ಟು ಸಣ್ಣ ಸೊಂಟದ ಹೆಂಗಸರು. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆಂದು ಕಿಟಕಿಗೆ ಎರಡು ಪದರ ಪರದೆ. ಮೇ ತಿಂಗಳಲ್ಲಿ ಅಹಮದಾಬಾದಿನ ಕಾಗೆಗಳು ಬಾಯಿ ಕಳೆದುಕೊಂಡು ಕೂತಿರುವಾಗಲೂ ಈ ಹೆಂಗಸರು ತಣ್ಣಗೆ ಬೀಸಣಿಗೆ ಹಿಡಿದು ನಿಂತಿರುತ್ತಾರೆ. ದೊಡ್ಡಮ್ಮ ಮಾತ್ರ ಹಾಲಿನ ನೆಲಕ್ಕೆ ಒದ್ದೆ ಟವೆಲ್ ಹಾಸಿಕೊಂಡು ಮಲಗುತ್ತಾಳೆ.

"ಮುಂದಿನ ಜನ್ಮದಾಗ ನಾನೂ ಜೀರುಂಡಿ ಆಗ್ತೀನಿ," ಅನ್ನುತ್ತಾಳೆ. "ಎಸಿಯೊಳಗ ಇರಬಹುದು."

"ಫ್ರೇಮಿನೊಳಗ ಬಾಯಿ ಮುಚ್ಚಿಕೊಂಡು ಇರಬೇಕಾಗ್ತದ," ಅನ್ನುತ್ತಾರೆ ದೊಡ್ಡಪ್ಪ. "ನಿನ್ನ ಕೈಲೆ ಆಗೂದಿಲ್ಲ."

ನಾವು ಧಾರವಾಡದ ಕಡೆಯವರು. ನಮ್ಮಲ್ಲಿ ಇದಕ್ಕೆ ಸಂಸಾರ ಅನ್ನುತ್ತಾರೆ.

ಕೆಲಸದಲ್ಲಿದ್ದಾಗ ದೊಡ್ಡಪ್ಪ ಆಕಾಶಕ್ಕೆ ಹಾರುವ ಯಂತ್ರಗಳನ್ನು ಪರೀಕ್ಷೆ ಮಾಡುತ್ತಿದ್ದರು. ನಿವೃತ್ತರಾದ ಮೇಲೆ ಭೂತಗನ್ನಡಿ ಹಿಡಿದು ನದಿ ದಡದ ಭಾನುವಾರದ ಸಂತೆಯಲ್ಲಿ ರದ್ದಿ ಕೆದಕುತ್ತಾರೆ. ಅವರಿಗೆ ಸಿಕ್ಕ ದೊಡ್ಡ ನಿಧಿಯೆಂದರೆ ಒಂದು ಫ್ಲೆಮಿಂಗೋ. ಆಗೆಲ್ಲ ಇಂಥ ಚಿತ್ರಗಳನ್ನು ಕಪ್ಪು ಗೆರೆಯಲ್ಲಿ ಅಚ್ಚು ಹಾಕಿ, ಬಣ್ಣವನ್ನು ಕೂಲಿಯವರು ಒಂದೊಂದು ಹಾಳೆಗೂ ಕುಂಚದಿಂದ ತುಂಬುತ್ತಿದ್ದರಂತೆ. ಈ ಹಾಳೆ ಕೈಗೆ ಬಂದ ಹೊತ್ತಿಗೆ ಯಾರಿಗೋ ಹಸಿವಾಗಿರಬೇಕು. ಹಕ್ಕಿಯ ಒಂದು ಕಾಲಿಗೆ ಗುಲಾಬಿ ಬಣ್ಣ ಬಿದ್ದಿದೆ, ಇನ್ನೊಂದು ಕಾಲು ಕಾಗದದ ಬಿಳಿಯಲ್ಲೇ ಉಳಿದಿದೆ. ನನಗೆ ಅದು ಒಂದು ಸಾಕ್ಸ್ ಹಾಕಿಕೊಂಡು ಸ್ಕೂಲ್ ಬಸ್ಸಿಗೆ ಓಡಿದ ಹುಡುಗನ ಹಾಗೆ ಕಾಣುತ್ತದೆ. ದೊಡ್ಡಪ್ಪನಿಗೆ ಅದು ಮೋಕ್ಷ.

"ಇದರ ಪ್ರತಿ ಬೇರೆಬೇರೆ ದೇಶದಾಗ ಇರಬಹುದು," ಎಂದು ಮನೆಗೆ ಬಂದ ಪ್ರತಿಯೊಬ್ಬರಿಗೂ, ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳುತ್ತಿದ್ದರು. "ಬಿಳೀ ಕಾಲಿಂದು ಜಗತ್ತಿನ್ಯಾಗ ಇದೊಂದೇ." ಇಂಥ ಹಾಳೆಗೆ ಆಮೇಲೆ ಬಣ್ಣ ಹಚ್ಚುವವರ ಕೈ ಕಡಿಯಬೇಕು ಅನ್ನುವುದು ಅದರ ಮುಂದಿನ ವಾಕ್ಯ. ಸಿಲಿಂಡರಿನವನು ತನ್ನ ಕೈ ನೋಡಿಕೊಂಡು ಹೊರಟುಹೋಗಿದ್ದ.

ಹೋದ ವರ್ಷ ಊರಿನ ಕೆಲವು ಸಂಗ್ರಾಹಕರು ಸೇರಿ ಒಂದು ಪ್ರದರ್ಶನ ಇಡುವುದೆಂದಾಯಿತು. ದೊಡ್ಡಪ್ಪನಿಗೂ ಒಂದು ಗೋಡೆ ಕೊಟ್ಟರು. ಆ ಗುಂಪಿನವರು ಇಷ್ಟು ವರ್ಷ ಅವರನ್ನು ರದ್ದಿ ಅಂಕಲ್ ಎಂದೇ ಕರೆಯುತ್ತಿದ್ದುದು. ಈ ಫ್ಲೆಮಿಂಗೋ ನೋಡಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತಾರೆಂದು ದೊಡ್ಡಪ್ಪ ಗಡ್ಡ ಕೆರೆಯುತ್ತಾ ದಿನಾ ಹೇಳುತ್ತಿದ್ದರು. ಅವರಿಗೆ ಬೇಕಾಗಿದ್ದುದು ಅಷ್ಟೇ.

ಪ್ರದರ್ಶನದ ಪುಸ್ತಿಕೆಗೆ ಒಳ್ಳೆಯ ಸ್ಕ್ಯಾನ್ ಬೇಕಾಯಿತು. ಅಂಗಡಿಯವರು ಹಾಳೆಯನ್ನು ಚಪಾತಿಯಂತೆ ತಿರುವಿಹಾಕುತ್ತಾರೆಂದು ಭಯ. ದೊಡ್ಡಮ್ಮನ ತಮ್ಮ ಸೂರತ್ತಿನ ಸಚಿನ್ ಎಂಬ ಕಾರ್ಖಾನೆಗಳ ಬಡಾವಣೆಯಲ್ಲಿ, ಸೀರೆಗೆ ಪ್ರಿಂಟ್ ಹಾಕುವ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗ ನೋಡಿಕೊಳ್ಳುತ್ತಾನೆ. ಅವನನ್ನು ನಾನೂ ಮಾಮಾ ಅನ್ನುತ್ತೇನೆ. ಅವನ ಬಳಿ ಮಂಚದಷ್ಟು ದೊಡ್ಡ ಸ್ಕ್ಯಾನರ್ ಇದೆ, ಅದೂ ಪುಕ್ಕಟೆ. ನಮ್ಮ ಮನೆ ವಡೋದರಾದ ಮಾಂಜಲ್‌ಪುರದಲ್ಲಿ, ಅಹಮದಾಬಾದಿಗೂ ಸೂರತ್ತಿಗೂ ನಡುವೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಬೈಯಬೇಕಾದರೆ ನಮ್ಮಮ್ಮನಿಗೆ ಫೋನ್ ಮಾಡುತ್ತಾರೆ, ಸಾಮಾನು ಸಾಗಿಸಬೇಕಾದರೆ ನನ್ನನ್ನು ಓಡಿಸುತ್ತಾರೆ.

ರೈಲಿನಲ್ಲಿ ಹಾಳೆ ಬಾಗಬಾರದು, ಅದರ ಹತ್ತಿರ ಯಾರೂ ಖಮಣ್ ತಿನ್ನಬಾರದು, ನಾನು ಸೀನಬಾರದು. ಎರಡು ರಟ್ಟಿನ ನಡುವೆ ಕಟ್ಟಿದ ಆ ಹಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರದೋ ಅಸ್ಥಿ ಒಯ್ಯುವವಳ ಮುಖ ಮಾಡಿಕೊಂಡು ಕೂತೆ. ಎದುರಿನ ಅಜ್ಜಿ ಮರುಗಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಸಚಿನ್‌ನ ಗಾಳಿಯಲ್ಲಿ ಉಸಿರೆಳೆದರೆ ಮೂಗಿನೊಳಗೆ ಬಣ್ಣ ಹತ್ತಿಕೊಳ್ಳುತ್ತದೆ. ಮಾಮಾ ಹಕ್ಕಿಯನ್ನು ಗಾಜಿನ ಮೇಲೆ ಮಲಗಿಸಿದ. ಪರದೆಯ ಮೇಲೆ ಅದು ಮೂಡಿದಾಗ ಅವನ ಕಣ್ಣಿನಲ್ಲಿ ಸೆರಗೊಂದು ಹಾರಿದ್ದನ್ನು ನಾನೇ ನೋಡಿದೆ. ಫೋನ್ ಸ್ಪೀಕರಿಗೆ ಹಾಕಿದ.

"ಭಾವಾ, ನಿಮ್ಮ ಹಕ್ಕಿ ಭಾಳ ಚಂದ ಅದ. ಒಂದು ಸೀರಿ ಡಿಸೈನಿಗೆ ತಗೊಳ್ಳೇನು?"

ಇಲ್ಲ ಅನ್ನುತ್ತಾರೆಂದುಕೊಂಡೆ. ಆದರೆ ದೊಡ್ಡಪ್ಪ ನಕ್ಕರು.

"ತಗೊ ಮಾರಾಯಾ. ನಿನ್ನ ಸೀರಿ ಒಂದ ಒಗತಕ್ಕ ಬಣ್ಣ ಬಿಡ್ತದ. ನೆಲಾ ಒರಸೂ ಅರಿವಿಗೆ ಯಾವ ಹಕ್ಕಿ ಇದ್ರ ಏನು?"

ಮಾಮಾ ಫೋನ್ ಇಟ್ಟ. ಸಿಟ್ಟಾಗಲಿಲ್ಲ. ಸೂರತ್ತಿನಲ್ಲಿ ಸಿಟ್ಟಾಗಲು ಯಾರಿಗೂ ಪುರಸೊತ್ತಿಲ್ಲ. ಪಕ್ಕದ ಹುಡುಗನಿಗೆ ಹಿಂದಿಯಲ್ಲಿ, ಇದ್ದದ್ದು ಇದ್ದ ಹಾಗೇ ತೆಗೆದುಕೋ, ಏನೂ ತಿದ್ದಬೇಡ ಅಂದ. ನನಗೆ ಲೋಚೋ ತರಿಸಿದ. ಬಿಸಿ ಹಿಟ್ಟಿನ ಮೇಲೆ ಎಣ್ಣೆ, ಸೇವು ಸುರಿದ ಆ ತಿಂಡಿಯನ್ನು ಹಕ್ಕಿಯಿಂದ ಮೂರು ಮಾರು ದೂರ ನಿಂತು ತಿಂದೆ.

ಪಂಚಮಿಗೆ ಮಾಮಾ ಅಕ್ಕನಿಗೆ ತವರಿನ ಸೀರೆ ಕಳಿಸಿದ. ದೊಡ್ಡಮ್ಮ ಅದನ್ನು ಗಂಡನಿಗೆ ತೋರಿಸದೆ ಕಪಾಟಿನಲ್ಲಿಟ್ಟಳು. ಉಟ್ಟಿದ್ದು ಪ್ರದರ್ಶನ ಶುರುವಾದ ದಿನ.

ಹಾಲಿನ ನಡುಗೋಡೆಯಲ್ಲಿ ಫ್ಲೆಮಿಂಗೋ. ಕೆಳಗೆ ದೊಡ್ಡಪ್ಪ ಬರೆಸಿದ ಚೀಟಿ, ಬಿಳಿಗಾಲಿನ ಏಕೈಕ ಪ್ರತಿ ಎಂದು. ಅದರ ಪಕ್ಕದಲ್ಲಿ ಇಸ್ತ್ರಿಯ ಜುಬ್ಬ ತೊಟ್ಟು, ತಮ್ಮ ಮದುವೆಯಲ್ಲೂ ನಿಂತಿರದಷ್ಟು ನೆಟ್ಟಗೆ ನಿಂತ ದೊಡ್ಡಪ್ಪ. ಆಗ ಬಾಗಿಲಲ್ಲಿ ದೊಡ್ಡಮ್ಮ ಬಂದಳು. ನೆರಿಗೆಯಿಂದ ಭುಜದವರೆಗೆ ಫ್ಲೆಮಿಂಗೋಗಳ ದಂಡು. ಪ್ರತಿಯೊಂದಕ್ಕೂ ಒಂದು ಕಾಲು ಗುಲಾಬಿ, ಒಂದು ಕಾಲು ಬಿಳಿ.

ದೊಡ್ಡಪ್ಪ ತುಟಿ ಅಲುಗಿಸದೆ ಅಂದರು, "ಮನಿಗೆ ಹೋಗಿ ಸೀರಿ ಬದಲಿಸಿ ಬಾ."

"ತವರ್ಮನಿ ಸೀರಿ. ಉಟ್ಟ ದಿನಾ ನಡುವ ಬಿಚ್ಚಬಾರದು ಅಂತ ನಿಮ್ಮವ್ವನೇ ಹೇಳಿಕೊಟ್ಟಾರ."

"ಹಂಗಾರ ಹೊರಗ ಕೂಡು."

"ಹೊರಗ ಬಿಸಿಲದ. ಬಣ್ಣ ಹೋಗ್ತದಲ್ಲ."

ನಾನು ಕೆಮ್ಮಿನ ನೆಪದಲ್ಲಿ ಕರವಸ್ತ್ರ ಕಚ್ಚಿಕೊಂಡೆ.

ದೊಡ್ಡಮ್ಮ ಒಬ್ಬಳೇ ಆಗಿದ್ದರೆ ಕಂಬದ ಹಿಂದೆ ನಿಲ್ಲಿಸಿ ನಿಭಾಯಿಸಬಹುದಿತ್ತು. ಆದರೆ ಸೀರೆ ಬಜಾರಿಗೆ ಬಂದಾಗಿತ್ತು. ಗುಂಪಿನ ಹಿರಿಯ ಸಂಗ್ರಾಹಕನ ಹೆಂಡತಿ, ಮೈತುಂಬ ವಜ್ರ ಹಾಕಿಕೊಂಡ ಗುಜರಾತಿ ಹೆಂಗಸು, ಚಿತ್ರದ ಮುಂದೆ ನಿಂತರು. ದೊಡ್ಡಮ್ಮನನ್ನು ನೋಡಿದರು, ಚಿತ್ರವನ್ನು ನೋಡಿದರು, ಮತ್ತೆ ದೊಡ್ಡಮ್ಮನನ್ನು ನೋಡಿದರು.

"ಅರೇ, ಆ ಸಾಡೀ ತೋ ಮಾರೀ ಪಾಸೇ ಪಣ್ ಛೇ," ಅಂದರು. ಈ ಸೀರೆ ಅವರ ಬಳಿಯೂ ಇತ್ತು. ಅಡುಗೆಯವಳಿಗೆ ಕೊಡಲೆಂದು ಕೊಂಡದ್ದಂತೆ, ಅದನ್ನೂ ಹೇಳಿದರು.

ದೊಡ್ಡಪ್ಪ ಹಿಂದಿಯಲ್ಲಿ ವಿವರಿಸಲು ಹೊರಟರು. ಮೊದಲು ಚಿತ್ರ, ಆಮೇಲೆ ಸೀರೆ, ಇದು ಬಹಳ ಹಳೆಯದು, ಈ ಬಿಳಿ ಕಾಲು ನೋಡಿ, ಇದು ಬಣ್ಣದವನ ತಪ್ಪು, ಇದೇ ಇದರ ಗುರುತು. ಬೆವರು ಜುಬ್ಬದ ಬೆನ್ನಿನ ಮೇಲೆ ಇಂಡಿಯಾದ ನಕಾಶೆ ಬರೆಯಿತು, ಶ್ರೀಲಂಕಾ ಸಮೇತ. ಹಿರಿಯ ಸಂಗ್ರಾಹಕ ಕನ್ನಡಕ ಏರಿಸಿ ಸೀರೆಯ ಕಾಲನ್ನೂ ಚೌಕಟ್ಟಿನ ಕಾಲನ್ನೂ ಹೋಲಿಸಿ ನೋಡಿದ. ಆಮೇಲೆ ದೊಡ್ಡಪ್ಪನ ಹೆಗಲು ತಟ್ಟಿದ.

"ಕಾಪಿ ಅಚ್ಛೀ ಹೈ, ರದ್ದಿ ಅಂಕಲ್. ಸಾಡೀ ಕೀ ಗಲ್ತೀ ಭೀ ಉತಾರ್ ಲೀ."

ಸೀರೆಯ ತಪ್ಪನ್ನೂ ಬಿಡದೆ ಇಳಿಸಿದ್ದೀರಿ ಎಂದು ಎಲ್ಲರೂ ನಕ್ಕರು. ಸಮೋಸ ಹಂಚುತ್ತಿದ್ದವನು ಕೂಡ ತಟ್ಟೆ ಹಿಡಿದು ಬಂದು ಕಾಲು ನೋಡಿ ಹೋದ.

ಮರುದಿನ ಬೆಳಿಗ್ಗೆ ಚಿತ್ರ ಮನೆಯಲ್ಲಿತ್ತು. ದೊಡ್ಡಪ್ಪ ಅದನ್ನು ಚೌಕಟ್ಟಿನಿಂದ ಬಿಡಿಸಿ ಊಟದ ಮೇಜಿನ ಮೇಲೆ ಹಾಸಿದ್ದರು.

"ನಿನ್ನ ಬಣ್ಣದ ಡಬ್ಬಿ ಕೊಡು," ಅಂದರು ನನಗೆ.

ಡ್ರಾಯಿಂಗ್ ಪರೀಕ್ಷೆಗೆಂದು ತಂದಿದ್ದ ಡಬ್ಬಿ ಕೊಟ್ಟೆ. ಕುಂಚವನ್ನು ನೀರಲ್ಲಿ ಅದ್ದಿದರು. ಬಿಳಿ ಕಾಲಿನ ಮೇಲೆ ಮೊಣಕಾಲಿನಿಂದ ಕೆಳಗೆ ಗುಲಾಬಿ ಎಳೆದರು. ಸೀರೆಯಲ್ಲಿಲ್ಲದ್ದು ಒಂದಾದರೂ ತಮ್ಮ ಹಕ್ಕಿಯಲ್ಲಿ ಇರಬೇಕೆಂಬ ಹಟ ಅದು. ಹಳೇ ಕಾಲಿನ ಗುಲಾಬಿ ಒಣಗಿದ ಹೂವಿನ ಬಣ್ಣದ್ದು. ನನ್ನ ಡಬ್ಬಿಯದು ಬಬಲ್‌ಗಮ್‌ನದು. ಹಕ್ಕಿ ಈಗ ಒಂದು ಕಾಲನ್ನು ಪಿಂಕ್ ಐಸ್‌ಕ್ರೀಮಿನಲ್ಲಿ ಇಟ್ಟು ತೆಗೆದ ಹಾಗಿತ್ತು.

ಅದು ಒಣಗುವ ಮೊದಲೇ ಮಾಮಾನ ಫೋನ್ ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಭಾವಾ, ಪ್ರದರ್ಶನ ಹೆಂಗಾತು? ನಿಮ್ಮ ಹಕ್ಕಿ ಭಾಳ ಓಡಾಕತ್ತದ. ಆದ್ರ ಗಿರಾಕಿಗಳು ಒಂದು ಕಾಲು ಯಾಕ ಬಿಳೀ ಅಂತ ಕೇಳ್ತಾರ. ಹೊಸಾ ಲಾಟಿನ್ಯಾಗ ಎರಡೂ ಗುಲಾಬಿ ಮಾಡಿಬಿಟ್ಟೀವಿ."

ದೊಡ್ಡಪ್ಪ ಕುಂಚವನ್ನು ಚಹಾದ ಲೋಟಕ್ಕೆ ಅದ್ದಿದರು. ಅದ್ದಿದ್ದು ಗೊತ್ತಾಗಲಿಲ್ಲ. ಕುಡಿದರು ಕೂಡ.

ದೊಡ್ಡಮ್ಮ ಬಚ್ಚಲಿನಿಂದ ಸೀರೆ ಒಗೆದು ತಂದಳು. ಬಾಲ್ಕನಿಗೆ ಹೋಗದೆ ನೇರ ಎಸಿ ಕೋಣೆಗೆ ನಡೆದು, ಎರಡೂ ಪರದೆ ಸರಿಸಿ, ಕಿಟಕಿಯ ಸರಳಿನ ಮೇಲೆ ಅದನ್ನು ಹರವಿದಳು. ಬಿಸಿಲು ಪ್ಯಾರಿಸ್ಸಿನ ಹೆಂಗಸರ ಮುಖಕ್ಕೆ ಬಡಿಯಿತು. ದೊಡ್ಡಪ್ಪ ಕೂತಲ್ಲಿಂದ ಏಳಲಿಲ್ಲ. ನಾನು ಹೋಗಿ ಬಚ್ಚಲಿನ ಬಕೆಟ್ಟಿನಲ್ಲಿ ಇಣುಕಿದೆ. ನೀರು ತಿಳಿಯಾಗಿತ್ತು.

"ದೊಡ್ಡಪ್ಪ," ಅಂದೆ, "ಒಂದು ಹನಿ ಬಣ್ಣಾನೂ ಬಿಟ್ಟಿಲ್ಲ."